ಹೆಸರು ನೋಡಿ ತಗೊಂಡಿ ಏನಲೇ?

ನಾನಿರುವುದು ನಾರ್ತ್ ಕ್ಯಾರೊಲಿನಾದ ಕ್ಯಾರಿ ಎಂಬ ಊರಿನಲ್ಲಿ. ಅಮೆರಿಕದ ರಾಷ್ಟ್ರೀಯ ಬೇಸ್‌ಬಾಲ್ ತಂಡದ ತರಬೇತಿ ಮೈದಾನ ಇರುವುದೂ ಇದೇ ಊರಿನಲ್ಲಿ. ಅದರ ಪಕ್ಕದ ದಾರಿಯಲ್ಲಿ ವರ್ಷಗಟ್ಟಲೆ ವಾಕಿಂಗ್ ಹೋಗಿದ್ದೇನೆ, ಒಂದು ದಿನವೂ ಒಳಗೆ ಇಣುಕಿದವನಲ್ಲ. ಹಾಸನದಲ್ಲಿ ರಬ್ಬರ್ ಬಾಲ್ ಕ್ರಿಕೆಟ್ ಆಡಿ ಬೆಳೆದವನಿಗೆ ಬೇಸ್‌ಬಾಲ್ ಅಂದರೆ ಬರೀ ಫುಲ್‌ಟಾಸ್ ಹಾಕುವ ಆಟ. ಅಷ್ಟೇ ಗೊತ್ತಿದ್ದದ್ದು.

2021ರಲ್ಲಿ, ಎಲ್ಲರೂ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಕಾಲದಲ್ಲಿ, ಆಫೀಸಿನ ಆರು ಜನ ಸೇರಿ ಒಂದು ಆಟ ಶುರು ಮಾಡಿದೆವು. ಯೋಚನೆ ಒಹಾಯೋ ಕಡೆಯ ಒಬ್ಬ ಸಹೋದ್ಯೋಗಿಯದು. ನಮ್ಮ ಕಡೆಯಿಂದ ನಾನು ಮತ್ತು ಹುಬ್ಬಳ್ಳಿಯ ಗೆಳೆಯ. ಪ್ರತಿಯೊಬ್ಬರಿಗೂ ಚೀಟಿ ಎತ್ತಿ ಒಂದೊಂದು ನಿಜವಾದ ಬೇಸ್‌ಬಾಲ್ ಕ್ಲಬ್ ಕೊಟ್ಟೆವು. ಜುಲೈನಲ್ಲಿ ಡ್ರಾಫ್ಟ್ (ಕ್ಲಬ್‌ಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವುದು) ನಡೆಯುವಾಗ ನಿಮ್ಮ ಕ್ಲಬ್ಬಿನ ಸರದಿ ಬಂತು ಅನ್ನಿ, ಅವರು ಹೆಸರು ಹೇಳುವ ಮೊದಲೇ ನಿಮ್ಮ ಆಯ್ಕೆಯನ್ನು ಗ್ರೂಪ್‌ಗೆ ಹಾಕಬೇಕು. ಆ ಹುಡುಗ ಆಮೇಲೆ ಕ್ಲಬ್ ಸೇರಲು ಎಷ್ಟು ಬೋನಸ್‌ಗೆ ಸಹಿ ಹಾಕುತ್ತಾನೋ ಅಷ್ಟು ನಿಮ್ಮ ಕ್ಲಬ್ಬಿನ ಡ್ರಾಫ್ಟ್ ಹಣದ ಲೆಕ್ಕದಿಂದ ಕಳೆಯುತ್ತೇವೆ. ಸಹಿ ಹಾಕದಿದ್ದರೆ ಆ ಜಾಗ ಖಾಲಿ. ಮೊದಲ 10 ಸುತ್ತು ಮಾತ್ರ. ಕ್ಲಬ್ ಮೂರು ವರ್ಷ ಬದಲಾಗುವುದಿಲ್ಲ. ಸೋತವನು ಎಲ್ಲರಿಗೂ ಊಟ ಹಾಕಬೇಕು. ನನಗೆ ಬಂದದ್ದು ನ್ಯೂಯಾರ್ಕ್ ಮೆಟ್ಸ್, ಮೊದಲ ಸುತ್ತಿನಲ್ಲಿ 10ನೆಯ ಸರದಿ.

ಡ್ರಾಫ್ಟ್ ಅಂದರೆ ಐಪಿಎಲ್ ಹರಾಜು ಅಲ್ಲ. ಹರಾಜಿನಲ್ಲಿ ಯಾರ ಜೇಬು ದಪ್ಪ ಅವರಿಗೆ ಆಟಗಾರ. ಇಲ್ಲಿ ಸರದಿ. ಸೋತ ಕ್ಲಬ್‌ಗಳಿಗೆ ಮೊದಲ ಸರದಿ, ಗೆದ್ದವರಿಗೆ ಕೊನೆಗೆ. (2023ರಿಂದ ಮೊದಲ ಕೆಲವು ಸ್ಥಾನಗಳಿಗೆ ಲಾಟರಿ ಬಂದಿದೆ, ಬೇಕಂತಲೇ ಸೋಲುವವರು ಜಾಸ್ತಿಯಾದರು ಅಂತ.) ಆಯ್ಕೆಗೆ ಬರುವವರು ಅಮೆರಿಕ, ಕೆನಡಾ, ಪೋರ್ಟೊರಿಕೋದ ಹುಡುಗರು. ಹೈಸ್ಕೂಲ್ ಮುಗಿಸಿದ ಹದಿನೆಂಟರವರು, ಇಲ್ಲವೇ ಕಾಲೇಜಿನಲ್ಲಿ ಮೂರು ವರ್ಷ ಕಳೆದವರು. ಆರಿಸಿದ ಕ್ಲಬ್ ಜೊತೆ ಮಾತ್ರ ಅವರು ಮಾತಾಡಬಹುದು. ಬೇಡ ಅನ್ನಿಸಿದರೆ ಓದು ಮುಂದುವರಿಸಬಹುದು. 1965ರಲ್ಲಿ ಶುರುವಾದ ಪದ್ಧತಿ. ಈಗ 20 ಸುತ್ತು, 600ಕ್ಕೂ ಹೆಚ್ಚು ಹುಡುಗರು. ಅವರಲ್ಲಿ ಮೇಜರ್ ಲೀಗ್ ಅನ್ನುವ ಎಲ್ಲಕ್ಕಿಂತ ಮೇಲಿನ ಮೆಟ್ಟಿಲು ಹತ್ತುವವರು ಕೆಲವರೇ.

ಮನೆಯಲ್ಲಿ ಕೂತು ಆಯ್ಕೆಗೆ ಬರುವ ಹುಡುಗರ ಪಟ್ಟಿ ಓದಿದರೆ ಸಾಲದು, ಒಬ್ಬನನ್ನಾದರೂ ಕಣ್ಣಾರೆ ನೋಡೋಣ ಅಂತ ಮೇ ತಿಂಗಳಲ್ಲಿ ವೇಕ್ ಫಾರೆಸ್ಟ್‌ಗೆ ಹೋದೆ. ವೇಕ್ ಫಾರೆಸ್ಟ್ ಅನ್ನುವುದು ಒಂದು ಊರು. ಅದೇ ಹೆಸರಿನ ವಿಶ್ವವಿದ್ಯಾಲಯ ಅಲ್ಲಿಲ್ಲ, 1956ರಲ್ಲೇ ಗಂಟುಮೂಟೆ ಕಟ್ಟಿಕೊಂಡು ವಿನ್‌ಸ್ಟನ್-ಸೇಲಂಗೆ ಹೋಯಿತು, ಹೆಸರು ಮಾತ್ರ ಬಿಡಲಿಲ್ಲ. ಆ ವರ್ಷ ಅಲ್ಲಿನ ಹೈಸ್ಕೂಲಿನಲ್ಲಿ ಕಹ್ಲಿಲ್ ವಾಟ್ಸನ್ ಎಂಬ, ಎರಡನೆಯ ಮತ್ತು ಮೂರನೆಯ ಬೇಸ್ ನಡುವೆ ನಿಲ್ಲುವ ಫೀಲ್ಡರ್, ಅಂದರೆ ಶಾರ್ಟ್‌ಸ್ಟಾಪ್ ಇದ್ದ. ಎಡಗೈ ಬ್ಯಾಟರ್, ಎತ್ತರದ ಆಳಲ್ಲ.

ಆಟಕ್ಕಿಂತ ನಾನು ನೋಡಿದ್ದು ಕ್ಲಬ್‌ಗಳ ಪರವಾಗಿ ಹುಡುಗರನ್ನು ಅಳೆಯಲು ಬರುವ ಸ್ಕೌಟ್‌ಗಳನ್ನೇ. ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟ್ ಹಿಂದಿನ ಬಲೆಯ ಆಚೆ ಮಡಿಸುವ ಕುರ್ಚಿ ಹಾಕಿಕೊಂಡು ಸಾಲಾಗಿ ಕೂತಿದ್ದರು. ಬಹುತೇಕ ಎಲ್ಲರೂ ಐವತ್ತು ದಾಟಿದವರು. ಚೆಂಡು ಎಸೆಯುವ ಪಿಚರ್ ಕೈ ಎತ್ತಿದ ತಕ್ಷಣ ವೇಗ ಅಳೆಯುವ ರೇಡಾರ್ ಗನ್ನುಗಳು ಒಟ್ಟಿಗೆ ಮೇಲೇಳುತ್ತಿದ್ದವು, ಚೆಂಡು ಗ್ಲೋವ್ ಸೇರಿದ ಕೂಡಲೇ ಒಟ್ಟಿಗೆ ಇಳಿಯುತ್ತಿದ್ದವು. ವಾಟ್ಸನ್ ಒಂದು ಸಾಧಾರಣ ನೆಲದ ಹೊಡೆತ ಹೊಡೆದು ಓಡಿದ. ನನ್ನ ಕಣ್ಣು ಚೆಂಡಿನ ಮೇಲೆ. ಅವರು ಯಾರೂ ಚೆಂಡು ನೋಡಲೇ ಇಲ್ಲ. ಬ್ಯಾಟ್ ತಾಗಿದಾಗ ಟಿಕ್, ಕಾಲು ಮೊದಲ ಬೇಸ್ ಮುಟ್ಟಿದಾಗ ಟಿಕ್. ಎಲ್ಲರ ಕೈಯಲ್ಲೂ ಸ್ಟಾಪ್‌ವಾಚ್. ಹುಡುಗ ಔಟಾಗಿ ವಾಪಸ್ ಬರುತ್ತಿದ್ದ, ಇವರು ಖುಷಿಯಿಂದ ಏನೋ ಬರೆದುಕೊಳ್ಳುತ್ತಿದ್ದರು. ಔಟಾದ ಮೇಲೆ ಖುಷಿ ಪಡುವ ಪ್ರೇಕ್ಷಕರನ್ನು ನಾನು ಕಂಡದ್ದು ಅದೇ ಮೊದಲು.

ಒಬ್ಬ ಹಿರಿಯರ ಪಕ್ಕ ಜಾಗ ಸಿಕ್ಕಿತು. ಸೂರ್ಯಕಾಂತಿ ಬೀಜ ಜಗಿದು ಸಿಪ್ಪೆಯನ್ನು ಪೇಪರ್ ಲೋಟಕ್ಕೆ ಉಗುಳುತ್ತಾ ಕೂತಿದ್ದರು. ಮೂರನೆಯ ಇನ್ನಿಂಗ್ಸಿನಲ್ಲಿ ಬೇರೊಬ್ಬ ಹುಡುಗ ಮೂರು ಸ್ಟ್ರೈಕ್ ಬಿದ್ದು, ಅಂದರೆ ಹೊಡೆಯಬೇಕಾದ ಮೂರು ಎಸೆತ ತಪ್ಪಿ, ಸ್ಟ್ರೈಕ್‌ಔಟ್ ಆದ. ಮುಂದಿನ ಬ್ಯಾಟರ್ ಬಂದು ನಿಂತರೂ ಇವರ ಕಣ್ಣು ಡಗ್‌ಔಟ್ ಕಡೆಯೇ ಇತ್ತು. "ಹೆಲ್ಮೆಟ್ ಎಲ್ಲಿಟ್ಟ ನೋಡಿದೆಯಾ?" ಅಂದರು. ನಾನು ನೋಡಿರಲಿಲ್ಲ. ಎಸೆದನೋ, ಇಟ್ಟನೋ, ಹೋಗಿ ಮುಂದಿನವನಿಗೆ ಪಿಚರ್ ಬಗ್ಗೆ ಏನಾದರೂ ಹೇಳಿದನೋ. ಅದನ್ನೂ ಬರೆದುಕೊಳ್ಳುತ್ತಾರಂತೆ. ಮೈನರ್ ಲೀಗ್‌ನಲ್ಲಿ (ಮೇಜರ್ ಲೀಗ್‌ಗೆ ಹೋಗುವ ಮುಂಚಿನ ಕೆಳಗಿನ ಮಟ್ಟ) ವರ್ಷಗಟ್ಟಲೆ ಬಸ್ಸಿನಲ್ಲಿ ಸುತ್ತುತ್ತಾ ಸೋಲುವುದಿದೆ, ಸೋಲು ತಡೆಯದ ಹುಡುಗ ಎಷ್ಟು ಚೆನ್ನಾಗಿ ಹೊಡೆದರೇನು ಅಂದರು.

ಅವರು ಕೊಡುವ ಅಂಕ 20ರಿಂದ 80ರವರೆಗೆ. 50 ಬಂದರೆ ಮೇಜರ್ ಲೀಗ್‌ನ ಸರಾಸರಿ ಆಟಗಾರನ ಮಟ್ಟ. ನಮ್ಮ ಎಸ್‌ಎಸ್‌ಎಲ್‌ಸಿ ಲೆಕ್ಕದಲ್ಲಿ 50 ಅಂದರೆ ಮನೆಯಲ್ಲಿ ಬೈಗುಳ. ಇಲ್ಲಿ ಹದಿನೆಂಟರ ಹುಡುಗನಿಗೆ 'ಮುಂದೆ 50 ಆಗುತ್ತಾನೆ' ಅಂತ ಬರೆದರೆ ಅದೇ ದೊಡ್ಡ ಮರ್ಯಾದೆ. ಇವತ್ತಿನ ಅಂಕ ಒಂದು, ಮುಂದಿನ ಅಂಕ ಇನ್ನೊಂದು. ಎರಡರ ನಡುವಿನ ದೂರಕ್ಕೇ ಕ್ಲಬ್ ದುಡ್ಡು ಕೊಡುವುದು.

ಇಷ್ಟೆಲ್ಲ ಕಲಿತು ಬಂದು ನಾನು ಮಾಡಿದ್ದೇನು? ಪಟ್ಟಿಯಲ್ಲಿ 'ಕುಮಾರ್' ಅಂತ ಕಂಡಿತು. ಮುಗಿಯಿತು.

ಕುಮಾರ್ ರಾಕರ್. ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಪಿಚರ್. ತಂದೆ ಅಮೆರಿಕನ್ ಫುಟ್‌ಬಾಲ್ ಆಡಿದವರು, ತಾಯಿಯ ಕಡೆಯವರು ಭಾರತದಿಂದ ಬಂದವರು. ಮೊದಲ ವರ್ಷದಲ್ಲೇ, 2019ರ ಜೂನ್‌ನಲ್ಲಿ, ನಮ್ಮ ಪಕ್ಕದ ಡರ್ಹಮ್‌ನ ಡ್ಯೂಕ್ ತಂಡಕ್ಕೆ ಒಂದೂ ಹಿಟ್ ಕೊಡದೆ 19 ಜನರನ್ನು ಸ್ಟ್ರೈಕ್‌ಔಟ್ ಮಾಡಿದ್ದ. ಆ ವರ್ಷ ಅವನ ತಂಡವೇ ಕಾಲೇಜು ಚಾಂಪಿಯನ್. ಊರಿಗೆ ಫೋನ್ ಮಾಡಿದಾಗ ಅಪ್ಪನಿಗೂ ಹೇಳಿದೆ. "ಕುಮಾರ ಅಂದ್ರೆ ನಮ್ಮೋರಾ? ಯಾವೂರೋ?" ಅಂದರು. ಅಜ್ಜ ಅಜ್ಜಿ ನಮ್ಮ ದೇಶದೋರಂತಪ್ಪ ಅಂದೆ. "ಹಂಗಾರೆ ಅವನನ್ನೇ ತಗೋ."

ಕಣ್ಣಿಗೆ ಕಾಣುವ ಎಚ್ಚರಿಕೆ ಇತ್ತು. ಆ ವಸಂತದಲ್ಲಿ ಕೆಲವು ವಾರ ಅವನ ಎಸೆತದ ವೇಗ ಇಳಿದಿತ್ತು. ಸುಸ್ತು ಇರಬೇಕು ಅಂದುಕೊಂಡೆ. ಪ್ರೀತಿ ಹುಟ್ಟಿದ ಮೇಲೆ ಕಾರಣಗಳು ತಾವಾಗಿಯೇ ಬರುತ್ತವೆ ನೋಡಿ.

ಜುಲೈ, ಡೆನ್ವರ್‌ನಲ್ಲಿ ಡ್ರಾಫ್ಟ್. ನಾವು ಆರು ಜನ ಝೂಮ್‌ನಲ್ಲಿ. 9 ಸರದಿ ಮುಗಿದರೂ ಕುಮಾರ್ ಉಳಿದಿದ್ದ. ವಾಟ್ಸನ್ ಕೂಡ ಉಳಿದಿದ್ದ, ನಾನು ಕಣ್ಣಾರೆ ನೋಡಿ ಬಂದ ಹುಡುಗ. ನಾನು ಕುಮಾರ್ ಅಂತ ಟೈಪ್ ಮಾಡಿದೆ. ಎರಡು ನಿಮಿಷಕ್ಕೆ ನಿಜವಾದ ಮೆಟ್ಸ್ ಕೂಡ ಅದೇ ಹೆಸರು ಕೂಗಿದರು. ಕುರ್ಚಿಯಿಂದ ಎದ್ದೇ ನಿಂತೆ. ಹುಬ್ಬಳ್ಳಿಯವನು ಮಾತ್ರ ಮೈಕ್ ಆನ್ ಮಾಡಿ, "ಹೆಸರು ನೋಡಿ ತಗೊಂಡಿ ಏನಲೇ? ನೀ ಏನು ಮದುವಿಗೆ ವರ ನೋಡಾಕ ಬಂದೀಯೇನು?" ಅಂದ. ನಕ್ಕೆವು.

ಆ ರಾತ್ರಿ ನಾವು ನಕ್ಕ ಇನ್ನೊಂದು ವಿಷಯ ಪಿಟ್ಸ್‌ಬರ್ಗ್ ಪೈರೇಟ್ಸ್‌ದು. ಹುಬ್ಬಳ್ಳಿಯವನ ಚೀಟಿಗೆ ಬಂದಿದ್ದ ಕ್ಲಬ್, ಎಲ್ಲರಿಗಿಂತ ಮೊದಲ ಸರದಿ. ಮಾರ್ಸೆಲೊ ಮೇಯರ್ ಅಂತ ಹೈಸ್ಕೂಲ್ ಶಾರ್ಟ್‌ಸ್ಟಾಪ್ ಒಬ್ಬ ಹಲವು ಪಟ್ಟಿಗಳಲ್ಲಿ ಮೇಲಿದ್ದ. ಪೈರೇಟ್ಸ್ ಅವನನ್ನು ಬಿಟ್ಟು ಲೂಯಿವಿಲ್ ಕಾಲೇಜಿನ ಕ್ಯಾಚರ್ (ನಮ್ಮ ವಿಕೆಟ್‌ಕೀಪರ್ ಥರ) ಹೆನ್ರಿ ಡೇವಿಸ್‌ನನ್ನು ತೆಗೆದುಕೊಂಡರು. ಇದೇನು ಜಿಪುಣತನ ಅಂದುಕೊಂಡೆವು. ಮರುದಿನ ಗೊತ್ತಾಯಿತು ಆಟ.

ಇಲ್ಲಿ ಸ್ವಲ್ಪ ಲೆಕ್ಕ ಬೇಕು, ಬೇಜಾರು ಮಾಡಿಕೊಳ್ಳಬೇಡಿ. ಮೊದಲ 10 ಸುತ್ತಿನ ಪ್ರತಿ ಸರದಿಗೂ ಲೀಗ್ ಒಂದು ಬೆಲೆ ಕಟ್ಟಿರುತ್ತದೆ, ಅದಕ್ಕೆ ಸ್ಲಾಟ್ ಅನ್ನುತ್ತಾರೆ. ನಿಮ್ಮ ಎಲ್ಲ ಸ್ಲಾಟ್ ಕೂಡಿಸಿದರೆ ನಿಮ್ಮ ಪೂಲ್. 2012ರಿಂದ ಹೀಗೆ. ಆ ಪೂಲನ್ನು ಯಾರಿಗೆ ಎಷ್ಟು ಬೇಕಾದರೂ ಹಂಚಬಹುದು. ಆದರೆ ಒಟ್ಟು ಮೊತ್ತ ಶೇಕಡಾ 5ಕ್ಕಿಂತ ಹೆಚ್ಚು ಮೀರಿದರೆ ಮುಂದಿನ ವರ್ಷದ ಮೊದಲ ಸುತ್ತಿನ ಸರದಿಯೇ ಹೋಗುತ್ತದೆ. ಆರಿಸಿದ ಹುಡುಗ ಸಹಿ ಹಾಕದಿದ್ದರೆ ಅವನ ಸ್ಲಾಟ್ ಹಣವೂ ಪೂಲಿನಿಂದ ಮಾಯ. ಮದುವೆ ಮನೆಯ ಅಡುಗೆ ಸಾಮಾನಿನ ಬಜೆಟ್ ಇದ್ದ ಹಾಗೆ. ತುಪ್ಪದಲ್ಲಿ ಉಳಿಸಿ ದ್ರಾಕ್ಷಿ ಗೋಡಂಬಿಗೆ ಹಾಕಬಹುದು, ಒಟ್ಟು ಮೀರುವ ಹಾಗಿಲ್ಲ.

ಪೈರೇಟ್ಸ್‌ನ ಮೊದಲ ಸರದಿಯ ಬೆಲೆ 84 ಲಕ್ಷ ಡಾಲರ್. ಡೇವಿಸ್ 65 ಲಕ್ಷಕ್ಕೆ ಒಪ್ಪಿದ. 19 ಲಕ್ಷ ಉಳಿಯಿತು. ಮೂರನೆಯ ಸುತ್ತಿನಲ್ಲಿ ಬಬ್ಬಾ ಚಾಂಡ್ಲರ್ ಎಂಬ ಹೈಸ್ಕೂಲ್ ಹುಡುಗ ಇನ್ನೂ ಉಳಿದಿದ್ದ. ಪಿಚರ್. ಆದರೆ ಕ್ಲೆಮ್ಸನ್ ವಿಶ್ವವಿದ್ಯಾಲಯಕ್ಕೆ ಹೋಗಿ ಅಮೆರಿಕನ್ ಫುಟ್‌ಬಾಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಕೂಡ ಆಡಬೇಕು ಅಂತಿದ್ದವನು, ಕಡಿಮೆ ದುಡ್ಡಿಗೆ ಬರುವವನಲ್ಲ ಅಂತ ಉಳಿದವರು ಬಿಟ್ಟಿದ್ದರು. ಪೈರೇಟ್ಸ್ 30 ಲಕ್ಷ ಕೊಟ್ಟರು, ಆ ಸರದಿಯ ಬೆಲೆಗಿಂತ ಮೂರು ಪಟ್ಟು ಜಾಸ್ತಿ. ಎರಡನೆಯ ಸುತ್ತಿನಲ್ಲಿ ಆಂಥನಿ ಸೊಲೊಮೆಟೊಗೂ ಬೆಲೆ ಮೀರಿ ಕೊಟ್ಟರು. ಹುಬ್ಬಳ್ಳಿಯವನು ಎಕ್ಸೆಲ್ ಶೀಟ್ ತೆಗೆದು ನಮಗೆಲ್ಲ ತೋರಿಸಿದ, ಯಾರೂ ಕೇಳದೆ ಇದ್ದರೂ. ಒಬ್ಬ ಹುಡುಗನ ಮೇಲೆ ಸುರಿಯುವ ದುಡ್ಡನ್ನು ನಾಲ್ಕು ಜನರ ಮೇಲೆ ಹರಡಿದ್ದಾರೆ. ಯಾರು ಬೆಳೆಯುತ್ತಾನೋ ಗೊತ್ತಿಲ್ಲ ಅಂದ ಮೇಲೆ ಹೆಚ್ಚು ಬೀಜ ಬಿತ್ತುವುದೇ ಸರಿ ಅಲ್ವಾ? ಡೇವಿಸ್ ಬ್ಯಾಟಿಂಗ್ ಇನ್ನೂ ಕುಂಟುತ್ತಿದ್ದಾಗ, 2025ರಲ್ಲಿ ಚಾಂಡ್ಲರ್ ಮೇಜರ್ ಲೀಗ್‌ಗೆ ಬಂದ.

ಈ ಉಪಾಯ ಹಳೆಯದೇ. 2012ರಲ್ಲಿ ಹ್ಯೂಸ್ಟನ್ ಆಸ್ಟ್ರೋಸ್ 72 ಲಕ್ಷದ ಸರದಿಯಲ್ಲಿ ಕಾರ್ಲೊಸ್ ಕೊರೆಯಾನನ್ನು 48 ಲಕ್ಷಕ್ಕೆ ಒಪ್ಪಿಸಿ, ಉಳಿದದ್ದರಲ್ಲಿ ಲ್ಯಾನ್ಸ್ ಮೆಕಲರ್ಸ್‌ನನ್ನು ಹಿಡಿದರು. 2017ರಲ್ಲಿ ಅವರು ಚಾಂಪಿಯನ್ ಆದಾಗ ಇಬ್ಬರೂ ತಂಡದಲ್ಲಿದ್ದರು.

ನನ್ನ ಕುಮಾರ್ ವಿಷಯಕ್ಕೆ ಬರುತ್ತೇನೆ. ಮೆಟ್ಸ್ ಪೂಲ್ ಸುಮಾರು 90 ಲಕ್ಷ. ಅದರಲ್ಲಿ 60 ಲಕ್ಷ ಕುಮಾರ್‌ಗೆ ಅಂತ ಮಾತಾಯಿತು, ಸುದ್ದಿಯೂ ಬಂತು. ಆಮೇಲೆ ವೈದ್ಯಕೀಯ ತಪಾಸಣೆ. ಅಲ್ಲಿಂದ ಮೌನ. ಆಗಸ್ಟ್ 1 ಕೊನೆಯ ದಿನ. ಆ ಭಾನುವಾರ ಮಗಳನ್ನು ಈಜಿಗೆ ಬಿಟ್ಟು ಪಾರ್ಕಿಂಗ್‌ನಲ್ಲಿ ಕೂತು ಫೋನ್ ಒರೆಸುತ್ತಲೇ ಇದ್ದೆ. ಸಂಜೆ ಸುದ್ದಿ ಬಂತು, ಮೆಟ್ಸ್ ಸಹಿ ಮಾಡಿಸಿಕೊಳ್ಳುವುದಿಲ್ಲ. ಡ್ರಾಫ್ಟ್‌ಗೆ ಮೊದಲೇ ಲೀಗ್‌ಗೆ ಎಂಆರ್‌ಐ ಕೊಡುವ ಒಂದು ವ್ಯವಸ್ಥೆ ಇದೆ. ಅದರಲ್ಲಿ ಸೇರಿದವನಿಗೆ ಕ್ಲಬ್ ಸ್ಲಾಟ್ ಹಣದ ಒಂದು ಪಾಲನ್ನಾದರೂ ಕೊಡುತ್ತೇನೆ ಅನ್ನಲೇಬೇಕು. ಕುಮಾರ್ ಸೇರಿರಲಿಲ್ಲ. ಹಾಗಾಗಿ ಅವನಿಗೆ ಒಂದು ಡಾಲರ್ ಆಫರ್ ಕೂಡ ಬರಲಿಲ್ಲ. ಮೆಟ್ಸ್‌ಗೆ ಪರಿಹಾರವಾಗಿ 2022ರಲ್ಲಿ 11ನೆಯ ಸರದಿ ಸಿಕ್ಕಿತು. ನನಗೂ ಅದೇ ಸಿಕ್ಕಿತು. ಆ ವರ್ಷ ಬಿಸಿಬೇಳೆಬಾತ್ ಮಾಡಿದವನು ನಾನು.

ಮೊದಲು ಕೋಪ ಬಂದದ್ದು ಮೆಟ್ಸ್ ಮೇಲೆ. ಮಾರನೆಯ ವಾರ ಬಂದದ್ದು ನನ್ನ ಮೇಲೆ. ಪಿಚರ್‌ನ ಭುಜ, ಮೊಣಕೈ ಅಂದರೆ ತೆರೆಯದ ಲಕೋಟೆ. ಒಳಗೇನಿದೆ ಅಂತ ಗೊತ್ತಿಲ್ಲದೆ ಪೂಲಿನ ಅರ್ಧಕ್ಕಿಂತ ಹೆಚ್ಚು ಇಟ್ಟುಬಿಟ್ಟಿದ್ದೆ. ಆರಿಸಬಾರದು ಅಂತಲ್ಲ, ಲಕೋಟೆಗೆ ಎಷ್ಟು ಕೊಡಬಹುದು ಅನ್ನುವುದನ್ನು ನಾನು ಯೋಚಿಸಿಯೇ ಇರಲಿಲ್ಲ. ಅದನ್ನು ಯೋಚಿಸಿದವರು ಟೆಕ್ಸಸ್ ರೇಂಜರ್ಸ್. ಕುಮಾರ್ ಭುಜಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಟ್ರೈ-ಸಿಟಿ ಅನ್ನುವ ಸ್ವತಂತ್ರ ಲೀಗಿನ ತಂಡದಲ್ಲಿ ಒಂದಷ್ಟು ಪಂದ್ಯ ಆಡಿ, 2022ರಲ್ಲಿ ಮತ್ತೆ ಡ್ರಾಫ್ಟ್‌ಗೆ ಬಂದ. ರೇಂಜರ್ಸ್ ಅವನನ್ನು 3ನೆಯ ಸರದಿಯಲ್ಲಿ ತೆಗೆದುಕೊಂಡಾಗ ಇಡೀ ಅಮೆರಿಕ ಬಾಯಿ ಬಿಟ್ಟಿತು. ಆ ಸರದಿಯ ಬೆಲೆ ಸುಮಾರು 76 ಲಕ್ಷ, ಅವನು ಒಪ್ಪಿದ್ದು 52 ಲಕ್ಷಕ್ಕೆ. ದೊಡ್ಡ ಆಟಗಾರರನ್ನು ಕೊಂಡಿದ್ದಕ್ಕೆ ಆ ವರ್ಷ ರೇಂಜರ್ಸ್‌ಗೆ ಎರಡು ಮತ್ತು ಮೂರನೆಯ ಸುತ್ತೇ ಇರಲಿಲ್ಲ. ಉಳಿಸಿದ ಹಣದಲ್ಲಿ ನಾಲ್ಕನೆಯ ಸುತ್ತಿನಲ್ಲಿ ಬ್ರಾಕ್ ಪೋರ್ಟರ್ ಎಂಬ ಹೈಸ್ಕೂಲ್ ಪಿಚರ್‌ಗೆ 37 ಲಕ್ಷ ಕೊಟ್ಟು ಕರೆತಂದರು. ಅದೇ ಕುಮಾರ್, ಅದೇ ಕೈ. ಒಬ್ಬರಿಗೆ ಬೇಡವಾದ, ಇನ್ನೊಬ್ಬರಿಗೆ ಇಬ್ಬರಾಗಿ ಸಿಕ್ಕಿದ.

ಒಹಾಯೋದವನ ಕ್ಲಬ್ ಏಂಜಲ್ಸ್. ಅವರದು ಬೇರೆಯೇ ಕಥೆ. 2021ರಲ್ಲಿ ಅವರು 20 ಸುತ್ತಿನಲ್ಲಿ 20 ಪಿಚರ್‌ಗಳನ್ನೇ ತೆಗೆದುಕೊಂಡರು. ಒಬ್ಬ ಬ್ಯಾಟರ್ ಇಲ್ಲ. ಮೈಕ್ ಟ್ರೌಟ್, ಒಹ್ತಾನಿಯಂಥ ದೊಡ್ಡ ಆಟಗಾರರು ಇದ್ದ ತಂಡ, ಪಿಚರ್ ಇಲ್ಲದೆ ಸೋಲುತ್ತಿದ್ದರು. ಸರಿ, ಕೊರತೆ ಇರುವುದನ್ನೇ ತರೋಣ ಅಂದುಕೊಂಡಿರಬೇಕು. ಒಹಾಯೋದವನಿಗೆ ನಾನು ಆರ್‌ಸಿಬಿ ಕಥೆ ಹೇಳಿದೆ. 2008ರ ಮೊದಲ ಐಪಿಎಲ್‌ನಲ್ಲಿ 19 ವರ್ಷದೊಳಗಿನವರಿಗೆ ಹರಾಜಿರಲಿಲ್ಲ, ಅದೂ ಡ್ರಾಫ್ಟೇ. ಡೆಲ್ಲಿ ತಂಡದಲ್ಲಿ ಸೆಹ್ವಾಗ್, ಗಂಭೀರ್ ಇದ್ದರು, ಬ್ಯಾಟ್ಸ್‌ಮನ್ ಯಾಕೆ ಅಂತ ಪ್ರದೀಪ್ ಸಂಗ್ವಾನ್ ಎಂಬ ಬೌಲರ್‌ನನ್ನು ತೆಗೆದುಕೊಂಡರು. ಊರ ಹುಡುಗ ವಿರಾಟ್ ಕೊಹ್ಲಿ ಬೆಂಗಳೂರಿಗೆ ಬಂದ. ಕ್ರಿಕೆಟ್‌ನಲ್ಲೇ ಹೀಗಾದರೆ, ಆರಿಸಿದ ಹುಡುಗ ಮೇಲೆ ಬರಲು ಮೂರು ನಾಲ್ಕು ವರ್ಷ ಬೇಕಾಗುವ ಬೇಸ್‌ಬಾಲ್‌ನಲ್ಲಿ ಇವತ್ತಿನ ಕೊರತೆ ನೋಡಿ ಆರಿಸುವುದು ಹೇಗೆ? ಅಷ್ಟರಲ್ಲಿ ಒಹ್ತಾನಿಯೇ ತಂಡ ಬಿಟ್ಟು ಹೋದ. ಒಂದು ಮಾತು ಹೇಳಬೇಕು, ಆ ಇಪ್ಪತ್ತರಲ್ಲಿ 11ನೆಯ ಸುತ್ತಿನ ಚೇಸ್ ಸಿಲ್ಸೆತ್ 10 ತಿಂಗಳಲ್ಲೇ ಮೇಜರ್ ಲೀಗ್‌ನಲ್ಲಿ ಚೆಂಡು ಹಿಡಿದಿದ್ದ. ಪೂರ್ತಿ ದಡ್ಡತನ ಅನ್ನಲಾರೆ.

ಎರಡನೆಯ ವರ್ಷ ನಾನು ಶಿಸ್ತಿನ ಸಿಪಾಯಿ. ಪ್ರೀತಿ ಗೀತಿ ಇಲ್ಲ, ಪಟ್ಟಿಗಳನ್ನು ಒಟ್ಟು ಮಾಡಿ ಸರಾಸರಿ ತೆಗೆಯುವುದು, ಅದರ ಪ್ರಕಾರ ಹೋಗುವುದು. ಆದರೂ 2022ರ ಏಪ್ರಿಲ್‌ನಲ್ಲಿ ಬ್ಯೂಯೀಸ್ ಕ್ರೀಕ್‌ಗೆ ಹೋಗಿ ಬಂದೆ. ನಮ್ಮನೆಯಿಂದ ಮುಕ್ಕಾಲು ಗಂಟೆ, ಹೊಲಗಳ ನಡುವೆ ಕ್ಯಾಂಪ್‌ಬೆಲ್ ಅಂತ ಒಂದು ಚಿಕ್ಕ ವಿಶ್ವವಿದ್ಯಾಲಯ. ಅವರ ತಂಡದ ಗುರುತು ಒಂಟೆ. ನಾರ್ತ್ ಕ್ಯಾರೊಲಿನಾದ ಹಳ್ಳಿಗೆ ಒಂಟೆ ಎಲ್ಲಿಂದ ಬಂತೋ ದೇವರೇ ಬಲ್ಲ. ಅಲ್ಲಿ ಝ್ಯಾಕ್ ನೆಟೋ ಅಂತ ಶಾರ್ಟ್‌ಸ್ಟಾಪ್ ಇದ್ದ. ಚೆಂಡು ಬರುವ ಮೊದಲು ಮುಂಗಾಲನ್ನು ಎದೆಯ ಹತ್ತಿರಕ್ಕೆ ಎತ್ತುತ್ತಿದ್ದ, ಕೊಕ್ಕರೆ ನಿಂತ ಹಾಗೆ. ಎರಡು ಸ್ಟ್ರೈಕ್ ಆದ ಮೇಲೆ ಮಾತ್ರ ಕಾಲು ಎತ್ತುವುದು ಕಡಿಮೆ. ಆ ದಿನ ಅವನ ಬ್ಯಾಟಿನಿಂದ ಬಂದ ಸದ್ದು ಬೇರೆಯವರಿಗಿಂತ ಬೇರೆಯೇ ಇತ್ತು. ಟಣ್ ಅನ್ನುವ ಬದಲು ಧಡ್ ಅನ್ನುತ್ತಿತ್ತು. ಅವನ ಬ್ಯಾಟಿಂಗ್ ಸರಾಸರಿ .400ರ ಮೇಲಿತ್ತು, ಅಂದರೆ ಹತ್ತು ಸಲ ಆಡಿದರೆ ನಾಲ್ಕು ಸಲಕ್ಕಿಂತ ಹೆಚ್ಚು ಹಿಟ್.

ವಾಪಸ್ ಬರುವಾಗ ಕಾರಿನಿಂದಲೇ ಗ್ರೂಪ್‌ಗೆ ಉದ್ದನೆಯ ವಾಯ್ಸ್ ಮೆಸೇಜ್ ಹಾಕಿದೆ. ಹುಡುಗ ಅದ್ಭುತ, ಆದರೆ ಆ ಕಾಲು ನೋಡಿದರೆ ಭಯ, ಚಿಕ್ಕ ಕಾಲೇಜು, ಎದುರಾಳಿ ಪಿಚರ್‌ಗಳು ಸಾಧಾರಣ, ಅಂಕಿಗಳನ್ನು ನಂಬುವ ಹಾಗಿಲ್ಲ ಅಂತ. ಅದೇ ಕ್ಯಾಂಪ್‌ಬೆಲ್‌ನಿಂದ 2015ರಲ್ಲಿ 13ನೆಯ ಸುತ್ತಿನಲ್ಲಿ ಹೋದ ಸೆಡ್ರಿಕ್ ಮಲಿನ್ಸ್ ಹಿಂದಿನ ವರ್ಷವಷ್ಟೇ 30 ಹೋಮ್‌ರನ್, 30 ಬೇಸ್ ಕದ್ದಿದ್ದು (ಪಿಚರ್ ಕಣ್ಣು ತಪ್ಪಿಸಿ ಮುಂದಿನ ಬೇಸ್‌ಗೆ ಓಡುವುದು) ನನಗೆ ಗೊತ್ತಿತ್ತು. ಗೊತ್ತಿದ್ದೂ ಹಾಗಂದೆ.

11ನೆಯ ಸರದಿ ಬಂತು. ನನ್ನ ಸರಾಸರಿ ಪಟ್ಟಿ ಹೇಳಿದ್ದು ಜಾರ್ಜಿಯಾ ಟೆಕ್‌ನ ಕ್ಯಾಚರ್ ಕೆವಿನ್ ಪರಾಡ. ಅವನನ್ನೇ ಹಾಕಿದೆ. ಮೆಟ್ಸ್ ಕೂಡ ಅವನನ್ನೇ ಕರೆದರು. ಒಂದು ಸರದಿ ಬಿಟ್ಟು ಏಂಜಲ್ಸ್. ಒಹಾಯೋದವನು ನೆಟೋ ಅಂತ ಹಾಕಿದ, ಏಂಜಲ್ಸ್ ಕೂಡ ನೆಟೋ ಅಂದರು. 2023ರ ಏಪ್ರಿಲ್‌ನಲ್ಲಿ, ಅಂದರೆ ವರ್ಷವೂ ತುಂಬುವ ಮೊದಲೇ, ಅವನು ಮೇಜರ್ ಲೀಗ್‌ನಲ್ಲಿ ಶಾರ್ಟ್‌ಸ್ಟಾಪ್ ನಿಂತಿದ್ದ. ಆ ಬ್ಯಾಚಿನಲ್ಲಿ ಎಲ್ಲರಿಗಿಂತ ಮೊದಲು. 2024ರಲ್ಲಿ 23 ಹೋಮ್‌ರನ್, 30 ಬೇಸ್ ಕಳವು. ಪರಾಡ ಆಗಿನ್ನೂ ಮೈನರ್ ಲೀಗ್‌ನಲ್ಲಿದ್ದ.

"ನಿನಗೆ ನೆಟೋ ಯಾಕೆ ಹೊಳೆದ?" ಅಂತ ಒಹಾಯೋದವನನ್ನು ಕೇಳಿದೆ. "ನಿನ್ನ ಮೆಸೇಜ್ ಕೇಳಿ. ನಾಲ್ಕು ನಿಮಿಷದಲ್ಲಿ ಮೂರು ನಿಮಿಷ ನೀನು ಬ್ಯಾಟಿನ ಸದ್ದಿನ ಬಗ್ಗೆಯೇ ಮಾತಾಡಿದ್ದೆ" ಅಂದ.

ಒಂದು ವರ್ಷ ನೋಡದೇ ಇದ್ದವನನ್ನು ಪ್ರೀತಿಯಿಂದ ತೆಗೆದುಕೊಂಡೆ, ಮರುವರ್ಷ ನೋಡಿ ಬಂದವನನ್ನು ಹೆದರಿ ಬಿಟ್ಟೆ. ಮೂರನೆಯ ವರ್ಷಕ್ಕೆ ಒಂದು ನೋಟ್‌ಬುಕ್ ಇಟ್ಟೆ. ಎಡಗಡೆ ಅಂಕಿಗಳು, ಬಲಗಡೆ ನಾನು ಕಂಡದ್ದು. ಎರಡನ್ನೂ ಬೇರೆ ಬೇರೆ ದಿನ ಬರೆಯುವುದು, ಒಂದರ ಗಾಳಿ ಇನ್ನೊಂದಕ್ಕೆ ತಾಗದ ಹಾಗೆ. ಎರಡೂ ಹೊಂದದೆ ಇದ್ದರೆ ಆ ಹುಡುಗನ ಹೆಸರಿಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಎಷ್ಟಕ್ಕೆ ಸಿಕ್ಕರೆ ತಗೋಬಹುದು ಅಂತ ಒಂದು ಮೊತ್ತ ಬರೆಯುವುದು. ಮೊತ್ತ ಬರೆಯದ ಹೆಸರನ್ನು ಆರಿಸುವ ಹಾಗಿಲ್ಲ. ಆ ವರ್ಷ ಮೆಟ್ಸ್‌ನವರು ಆಟಗಾರರ ಸಂಬಳದ ಮಿತಿ ವಿಪರೀತ ಮೀರಿದ್ದಕ್ಕೆ ಮೊದಲ ಸರದಿ 10 ಸ್ಥಾನ ಕೆಳಗೆ, 32ಕ್ಕೆ ಹೋಗಿತ್ತು, ಹಾಗಾಗಿ ನನ್ನ ಹೊಸ ಪದ್ಧತಿಗೆ ದೊಡ್ಡ ಪರೀಕ್ಷೆಯೇನೂ ಆಗಲಿಲ್ಲ. ಊಟ ಹಾಕಿದ್ದು ಹುಬ್ಬಳ್ಳಿಯವನು. ಜೋಳದ ರೊಟ್ಟಿ, ಎಣಗಾಯಿ.

2024ರ ಸೆಪ್ಟೆಂಬರ್‌ನಲ್ಲಿ ಒಂದು ರಾತ್ರಿ, ಎಲ್ಲರೂ ಮಲಗಿದ ಮೇಲೆ, ಸದ್ದು ಕಡಿಮೆ ಮಾಡಿ ಟಿವಿ ಹಾಕಿದೆ. ಸಿಯಾಟಲ್‌ನಲ್ಲಿ ಪಂದ್ಯ. ಮೊಣಕೈ ಶಸ್ತ್ರಚಿಕಿತ್ಸೆಯನ್ನೂ ದಾಟಿ ಕುಮಾರ್ ರಾಕರ್ ರೇಂಜರ್ಸ್ ಪರ ಮೊದಲ ಸಲ ಮೇಜರ್ ಲೀಗ್‌ನಲ್ಲಿ ಪಿಚರ್ ನಿಲ್ಲುವ ದಿಬ್ಬದ ಮೇಲೆ ನಿಂತಿದ್ದ. 4 ಇನ್ನಿಂಗ್ಸ್, 7 ಸ್ಟ್ರೈಕ್‌ಔಟ್. ನನ್ನ ತಂಡದವನಲ್ಲ, ಒಂದು ಅಂಕವೂ ನನಗೆ ಬರುವುದಿಲ್ಲ. ಆದರೂ ಪ್ರತಿ ಸ್ಟ್ರೈಕ್‌ಔಟ್‌ಗೂ ಸೋಫಾದ ಕೈ ಗುದ್ದುತ್ತಿದ್ದೆ.

ಆಗಲೇ ಊರಿಗೆ ಫೋನ್ ಮಾಡಿದೆ, ಅಲ್ಲಿ ಬೆಳಗ್ಗೆ.

"ಅಪ್ಪ, ಕುಮಾರ ಆಡಿದ."

"ಯಾವ ಕುಮಾರನೋ? ಪೋಸ್ಟಾಫೀಸ್ ಕುಮಾರನಾ?"